ಜೋಳ ಹೋಯ್ತು, ಮುಸುಕು ಉಳೀತು

ತಂಡಗಳಿಗೆ ಜೆರ್ಸಿ, ಲೋಗೋ ಮಾಡಿಕೊಡುವುದು ನನ್ನ ಕೆಲಸ. ಕಾಲೇಜು ತಂಡದವರು ಬಂದರೆ ಒಂದು ಮಾತು ಖಾಯಂ: "ಸರ್, ಹೆಸರು ಉದ್ದ ಆಯ್ತು, ಕಟ್ ಮಾಡೋಣ್ವಾ?" ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಎದೆಯ ಮೇಲೆ ಸಿಗುವುದು ಒಂದು ಗೇಣು ಜಾಗ. ಅದರಲ್ಲಿ ಹದಿನೈದು ಅಕ್ಷರ ತುರುಕಿದರೆ ಗ್ಯಾಲರಿಯಿಂದ ಇರುವೆ ಸಾಲು ಕಂಡ ಹಾಗೆ ಕಾಣುತ್ತದೆ.

ಆದರೆ ನಾನು ಮೊದಲು ನೋಡುವುದು ಉದ್ದವನ್ನಲ್ಲ. ಕತ್ತರಿ ಹಾಕಿದ ಮೇಲೆ ಉಳಿಯುವ ಪದ ಯಾರದು ಅನ್ನುವುದನ್ನು.

ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡಗಳಿಗೆ ಒಂದು ಕಾಲದಲ್ಲಿ 'ಬಗ್‌ಈಟರ್ಸ್', ಅಂದರೆ ಹುಳ ತಿನ್ನುವವರು ಅನ್ನೋ ಹೆಸರಿತ್ತು. 1900ರ ಸುಮಾರಿಗೆ ಅದು 'ಕಾರ್ನ್‌ಹಸ್ಕರ್ಸ್' ಆಯಿತು. ಮುಸುಕಿನ ಜೋಳದ ಸಿಪ್ಪೆ ಸುಲಿಯುವವರು ಎಂದರ್ಥ. 1945ರಲ್ಲಿ ಇಡೀ ರಾಜ್ಯಕ್ಕೇ ಅದು ಅಧಿಕೃತ ಅಡ್ಡಹೆಸರಾಯಿತು. ಈಗ ಎಲ್ಲರ ಬಾಯಲ್ಲೂ ಬರೀ 'ಹಸ್ಕರ್ಸ್'. ಇಂಗ್ಲಿಷ್‌ನಲ್ಲಿ 11 ಅಕ್ಷರ ಇದ್ದದ್ದು 7ಕ್ಕೆ ಇಳಿಯಿತು. ಜೋಳ ಹೋಯ್ತು, ಮುಸುಕು ಉಳೀತು. ಆದರೂ ಏನೂ ಕೆಟ್ಟಿಲ್ಲ. ಹಸ್ಕರ್ಸ್ ಅಂದರೆ ಯಾರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಶ್ರೀನಿವಾಸನನ್ನು ಸೀನ ಅಂತ ಕರೆದ ಹಾಗೆ ಅದು, ಕರೆದೂ ಕರೆದೂ ಸವೆದು ಬಂದ ಹೆಸರು.

ಅಮೆರಿಕದ್ದೇ ದ್ವೀಪರಾಜ್ಯ ಹವಾಯಿಯ ವಿಶ್ವವಿದ್ಯಾಲಯದಲ್ಲಿ ಆದದ್ದೇ ಬೇರೆ. 1923ರ ಸೀಸನ್ನಿನ ಕೊನೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಆರೆಗನ್‌ನಿಂದ ಬಂದಿದ್ದ ಬಲಿಷ್ಠ ತಂಡವನ್ನು ಹವಾಯಿ ಹುಡುಗರು 7–0ಯಿಂದ ಸೋಲಿಸಿದರು. ಅವತ್ತು ಮೈದಾನದ ಮೇಲೆ ಕಾಮನಬಿಲ್ಲು ಮೂಡಿತ್ತು. ಪತ್ರಕರ್ತರು ತಂಡವನ್ನು 'ರೇನ್‌ಬೋಸ್' ಅಂತ ಕರೆಯತೊಡಗಿದರು. ಮುಂದೆ ಅದು 'ರೇನ್‌ಬೋ ವಾರಿಯರ್ಸ್' ಆಯಿತು. 2000ದಲ್ಲಿ ವಿಶ್ವವಿದ್ಯಾಲಯ ಕಾಮನಬಿಲ್ಲಿನ ಲೋಗೋ ತೆಗೆಯಿತು. ಹೆಸರನ್ನು ಆಯಾ ತಂಡಕ್ಕೇ ಬಿಟ್ಟಿತು. ಫುಟ್‌ಬಾಲ್‌ನವರು ಬರೀ 'ವಾರಿಯರ್ಸ್' ಆದರು. ಕಾಮನಬಿಲ್ಲು ನೋಡಿದರೆ ಜನರಿಗೆ ಸಲಿಂಗಿಗಳ ಧ್ವಜ ನೆನಪಾಗುತ್ತದೆ ಅನ್ನೋ ಧಾಟಿಯಲ್ಲಿ ಆಗಿನ ಕ್ರೀಡಾ ನಿರ್ದೇಶಕರು ಮಾತಾಡಿ ಗಲಾಟೆಯೂ ಆಯಿತು. ಹೆಸರು ಬದಲಿಸಲು ಇಷ್ಟು ಕೆಟ್ಟ ಕಾರಣ ನಾನು ಬೇರೆ ಕೇಳಿಲ್ಲ. ಅದಿರಲಿ, ಕಸುಬಿನ ಲೆಕ್ಕದಲ್ಲೂ ಅದು ಎಡವಟ್ಟೇ. ವಾರಿಯರ್ಸ್ ಯಾವ ಊರಲ್ಲಿಲ್ಲ ಹೇಳಿ? ಬ್ಯಾಸ್ಕೆಟ್‌ಬಾಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಇದ್ದಾರೆ, ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲೂ ಇದ್ದಾರೆ. ಮಳೆ-ಬಿಸಿಲು ಒಟ್ಟಿಗೇ ಬರುವ ಆ ದ್ವೀಪದವರದೇ ಅನ್ನುವಂಥ ಪದ ಇದ್ದದ್ದು ಒಂದೇ, ರೇನ್‌ಬೋ. ಕತ್ತರಿ ಬಿದ್ದದ್ದು ಅದಕ್ಕೇ! ಹೆಣ್ಣುಮಕ್ಕಳ ತಂಡಗಳು ಮಾತ್ರ 'ರೇನ್‌ಬೋ ವಹೀನೆ' (ವಹೀನೆ ಅಂದರೆ ಹವಾಯಿ ಭಾಷೆಯಲ್ಲಿ ಹೆಣ್ಣು) ಅನ್ನೋ ಹೆಸರನ್ನು ಬಿಡಲಿಲ್ಲ. 2013ರಲ್ಲಿ ಗಂಡಸರ ತಂಡಗಳೆಲ್ಲ ವಾರಿಯರ್ಸ್ ಅಂತ ಪ್ರಕಟಿಸಿದರು. ಜನ ಸಿಟ್ಟಾದರು. ಕೆಲವೇ ತಿಂಗಳಲ್ಲಿ ರೇನ್‌ಬೋ ವಾಪಸ್ ಬಂತು.

ಅಮೆರಿಕದ್ದೇ ಇನ್ನೊಂದು ವಿಶ್ವವಿದ್ಯಾಲಯ ಸಿರಕ್ಯೂಸ್‌ನವರು 2004ರಲ್ಲಿ ಆರೆಂಜ್‌ಮೆನ್, ಆರೆಂಜ್‌ವುಮೆನ್ ಎರಡನ್ನೂ ಬಿಟ್ಟು 'ಆರೆಂಜ್' ಅಂತ ಇಟ್ಟುಕೊಂಡರು. ಬಣ್ಣ ಉಳಿಯಿತು, ಗಂಡು-ಹೆಣ್ಣಿಗೆ ಒಂದೇ ಹೆಸರಾಯಿತು. ಅದು ಸರಿಯಾದ ಕತ್ತರಿ. ನಮ್ಮ ಆರ್‌ಸಿಬಿಯನ್ನೂ ನೋಡಿ. 2024ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು, ಕೂಗುವವರು ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ.

ಕಳೆದ ಸಲ ಒಂದು ಕಾಲೇಜಿನವರು ಬಂದಿದ್ದರು. ತಂಡದ ಹೆಸರಲ್ಲಿ ಮೊದಲು ಅವರೂರಿನ ಕೆರೆ, ಆಮೇಲೆ ಟೈಗರ್ಸ್. "ಕೆರೆ ತೆಗೀರಿ ಸರ್, ಹಳೇ ಕಾಲದ್ದು ಅನ್ಸುತ್ತೆ" ಅಂದ ಕ್ಯಾಪ್ಟನ್. ಟೂರ್ನಿಯ ಪಟ್ಟಿ ಕೊಡಪ್ಪಾ ಅಂದೆ. ಅದರಲ್ಲಿ ಇನ್ನೂ ಎರಡು ಟೈಗರ್ಸ್ ಇದ್ದವು. ಹುಡುಗ ಸುಮ್ಮನಾದ. ಕೊನೆಗೆ ಎದೆಯ ಮೇಲೆ ಕೆರೆಯ ಹೆಸರೊಂದೇ ಹಾಕಿದೆವು. ಹುಲಿ ಈಗ ತೋಳಿನ ಮೇಲೆ ಎರಡಿಂಚಿನ ಚಿತ್ರ.