ಹಣ ಕಟ್ಟಿದ ಕೂಡಲೇ ಟಿಕೆಟ್, ಆಮೇಲೆ ಎಸ್‌ಎಂಎಸ್

ಮೈಸೂರು ದಸರಾದ ಟಿಕೆಟ್ ಮತ್ತು ಗೋಲ್ಡ್ ಕಾರ್ಡ್‌ಗಳು ಈಗ ಆನ್‌ಲೈನ್‌ನಲ್ಲೂ ಸಿಗುತ್ತವೆ. ಇಂಥ ಮಾರಾಟ ಶುರುವಾದ ಗಳಿಗೆಯಲ್ಲಿ ಜನ ಒಟ್ಟಿಗೇ ನುಗ್ಗುತ್ತಾರೆ. ಒಬ್ಬರು ಹಣ ಕಟ್ಟಿದರೆ ಜಾಲತಾಣಕ್ಕೆ ಹತ್ತಾರು ಕೆಲಸ: ಆಸನ ಕಾಯ್ದಿರಿಸಬೇಕು, ಹಣ ಬಂದದ್ದನ್ನು ದಾಖಲಿಸಬೇಕು, ಕ್ಯೂಆರ್ ಕೋಡ್ ಇರುವ ಪಿಡಿಎಫ್ ತಯಾರಿಸಬೇಕು, ಎಸ್‌ಎಂಎಸ್ ಮತ್ತು ಇಮೇಲ್ ಕಳುಹಿಸಬೇಕು. ಇವುಗಳಲ್ಲಿ ಗ್ರಾಹಕರು ಕಾದು ನಿಲ್ಲಲೇಬೇಕಾದದ್ದು ಮೊದಲೆರಡಕ್ಕೆ ಮಾತ್ರ.

ಎಲ್ಲವನ್ನೂ ಮುಗಿಸಿಯೇ ಉತ್ತರ ಕೊಡಲು ಸರ್ವರ್‌ಗೆ 4 ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಏಕಕಾಲಕ್ಕೆ 50 ಕೋರಿಕೆಗಳನ್ನು ನಿಭಾಯಿಸುವ ಸರ್ವರ್ ಆಗ ಸೆಕೆಂಡಿಗೆ ಹನ್ನೆರಡೋ ಹದಿಮೂರೋ ಜನರನ್ನು ಮಾತ್ರ ವಿಚಾರಿಸಿಕೊಳ್ಳಬಲ್ಲದು. ತುರ್ತಿನದನ್ನಷ್ಟೇ 0.2 ಸೆಕೆಂಡಿನಲ್ಲಿ ಮುಗಿಸಿ ಉಳಿದದ್ದನ್ನು ಹಿಂದಕ್ಕೆ ಬಿಟ್ಟರೆ ಅದೇ ಯಂತ್ರ 250 ಜನರನ್ನು ಸುಧಾರಿಸುತ್ತದೆ. ಹಿಂದಕ್ಕೆ ಬಿಡುವ ಜಾಗವೇ ಮೆಸೇಜ್ ಕ್ಯೂ. ‘ಇಂಥ ಸಂಖ್ಯೆಯ ಟಿಕೆಟ್‌ಗೆ ಪಿಡಿಎಫ್ ಮಾಡು’ ಎಂಬ ಪುಟ್ಟ ಸಂದೇಶವನ್ನು ಸರ್ವರ್ ಅಲ್ಲಿಟ್ಟು ಮುಂದಿನ ಗ್ರಾಹಕರತ್ತ ತಿರುಗುತ್ತದೆ. ವರ್ಕರ್ ಎಂಬ ಬೇರೊಂದು ಪ್ರೋಗ್ರಾಂ ಆ ಸಂದೇಶವನ್ನು ಎತ್ತಿಕೊಂಡು ಕೆಲಸ ಮುಗಿಸುತ್ತದೆ.

ಸರದಿಯ ಗಣಿತ ಕಂಪ್ಯೂಟರಿಗಿಂತ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರು ಫೋನ್ ಕರೆಗಳು ಬಂದು ಬೀಳುವ ಬಗೆಯನ್ನು ಕುರಿತ ಪ್ರಬಂಧವನ್ನು 1909ರಲ್ಲೇ ಪ್ರಕಟಿಸಿದ್ದರು. ಎಷ್ಟೋ ದಶಕಗಳ ನಂತರ ಎರಿಕ್‌ಸನ್ ಕಂಪನಿಯಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆಗೆ ಅವರ ಹೆಸರೇ ಬಂತು. 2007ರಲ್ಲಿ ಬಿಡುಗಡೆಯಾದ, ಇಂದಿಗೂ ಹೆಸರುವಾಸಿಯಾಗಿರುವ ರ‍್ಯಾಬಿಟ್‌ಎಂಕ್ಯೂ ಎಂಬ ಮೆಸೇಜ್ ಕ್ಯೂ ತಂತ್ರಾಂಶವನ್ನು ಬರೆದಿರುವುದು ಆ ಭಾಷೆಯಲ್ಲೇ. ಈ ಕೊಂಡಿ ನನಗೆ ಬಹಳ ಇಷ್ಟ.

ಕ್ಯೂ ಇಟ್ಟ ಮಾತ್ರಕ್ಕೆ ಸಾಮರ್ಥ್ಯ ಹೆಚ್ಚುವುದಿಲ್ಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಕಾರ್ಖಾನೆಯಂಥ ಕಡೆ ಹಂಗಾಮಿನಲ್ಲಿ ಕಬ್ಬಿನ ಗಾಡಿಗಳು, ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಯಾರ್ಡ್ ಎಷ್ಟೇ ವಿಶಾಲವಾಗಿರಲಿ, ದಿನಕ್ಕೆ ನುರಿಸುವ ಕಬ್ಬು ಅಷ್ಟೇ. ಕಡಿದ ಕಬ್ಬು ಕಾದಷ್ಟೂ ಒಣಗಿ ಸಕ್ಕರೆ ಇಳುವರಿ ತಗ್ಗುತ್ತದೆ. ಟಿಕೆಟ್ ಲೆಕ್ಕವನ್ನೂ ಹಾಗೆಯೇ ನೋಡಿ. ಸೆಕೆಂಡಿಗೆ 20 ಸಂದೇಶ ಬಂದು 15 ಮಾತ್ರ ಮುಗಿದರೆ ಒಂದು ಗಂಟೆಯಲ್ಲಿ 18,000 ಬಾಕಿ ಉಳಿಯುತ್ತವೆ. ಮಾರಾಟ ಅಲ್ಲಿಗೇ ನಿಂತರೂ ಬಾಕಿ ತೀರಲು ಇನ್ನೂ 20 ನಿಮಿಷ ಬೇಕು. ಇಮೇಲ್ 20 ನಿಮಿಷ ತಡವಾದರೆ ನಷ್ಟವಿಲ್ಲ. ಆದರೆ ಐದು ನಿಮಿಷಕ್ಕೆ ಅವಧಿ ಮುಗಿಯುವ ಒಟಿಪಿ ಅದೇ ಸಾಲಿನ ಕೊನೆಯಲ್ಲಿ ನಿಂತಿದ್ದರೆ ಅದು ಬಂದೂ ಪ್ರಯೋಜನವಿಲ್ಲ. ಒಟಿಪಿಗೆ ಬೇರೆ ಕ್ಯೂ, ಬೇರೆ ವರ್ಕರ್ ಇರಲೇಬೇಕು. ಕ್ಯೂನಲ್ಲಿ ಎಷ್ಟು ಸಂದೇಶಗಳಿವೆ ಎನ್ನುವುದಕ್ಕಿಂತ ಅತ್ಯಂತ ಹಳೆಯ ಸಂದೇಶ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎನ್ನುವುದರ ಮೇಲೆ ಕಣ್ಣಿಡಬೇಕು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ವರ್ಕರ್ ಎಸ್‌ಎಂಎಸ್ ಕಳುಹಿಸಿತು. ‘ಮುಗಿಯಿತು’ ಎಂದು ಕ್ಯೂಗೆ ತಿಳಿಸುವಷ್ಟರಲ್ಲಿ ಕೆಟ್ಟು ನಿಂತಿತು. ಕ್ಯೂಗೆ ಅದು ಗೊತ್ತಾಗುವುದು ಹೇಗೆ? ಅಮೆಜಾನ್‌ನ ಎಸ್‌ಕ್ಯೂಎಸ್ ಎಂಬ ಕ್ಯೂ ಸೇವೆಯಲ್ಲಿ ವರ್ಕರ್ ಎತ್ತಿಕೊಂಡ ಸಂದೇಶ, ನಾವು ಬೇರೆ ಅವಧಿ ಹೇಳದಿದ್ದರೆ, 30 ಸೆಕೆಂಡ್ ಮರೆಯಾಗಿರುತ್ತದೆ. ಅಷ್ಟರೊಳಗೆ ಅದನ್ನು ಅಳಿಸದಿದ್ದರೆ ಮತ್ತೆ ಕಾಣಿಸಿಕೊಳ್ಳುತ್ತದೆ, ಇನ್ನೊಂದು ವರ್ಕರ್ ಅದೇ ಕೆಲಸ ಮಾಡುತ್ತದೆ. ಎಸ್‌ಎಂಎಸ್ ಎರಡು ಸಲ ಬಂದರೆ ಹೋಗಲಿ ಎನ್ನಬಹುದು, ಮರುಪಾವತಿ ಎರಡು ಸಲ ಹೋದರೆ? ಅದಕ್ಕೇ ಪ್ರತಿ ಮರುಪಾವತಿಗೂ ಬದಲಾಗದ ಒಂದು ಗುರುತಿನ ಸಂಖ್ಯೆ ಕೊಟ್ಟು ಕಳುಹಿಸುತ್ತಾರೆ. ಅದೇ ಸಂಖ್ಯೆ ಮತ್ತೆ ಬಂದರೆ ಹಲವು ಪಾವತಿ ಸೇವೆಗಳು ಹೊಸದಾಗಿ ಹಣ ಕೊಡದೆ ಹಿಂದಿನ ಉತ್ತರವನ್ನೇ ಹಿಂತಿರುಗಿಸುತ್ತವೆ. ಯಾವ ಕ್ಯೂ ಆರಿಸಿಕೊಂಡಿರಿ ಎನ್ನುವುದು ನನ್ನ ದೃಷ್ಟಿಯಲ್ಲಿ ಎರಡನೆಯ ಮಾತು; ಒಂದೇ ಸಂದೇಶ ಎರಡು ಸಲ ಬಂದರೂ ಕೆಡದಂತೆ ವರ್ಕರ್ ಬರೆದಿದ್ದೀರಾ ಎನ್ನುವುದೇ ಮೊದಲನೆಯದು.

ಎಷ್ಟು ಸಲ ಪ್ರಯತ್ನಿಸಿದರೂ ಮುಗಿಯದ ಸಂದೇಶಗಳೂ ಇರುತ್ತವೆ. ಗ್ರಾಹಕರು ಹೆಸರನ್ನು ಕನ್ನಡದಲ್ಲಿ ಬರೆದಿದ್ದಾರೆ, ಪಿಡಿಎಫ್ ಮಾಡುವ ವರ್ಕರ್ ಬಳಿ ಕನ್ನಡದ ಫಾಂಟ್ ಇಲ್ಲ ಎನ್ನಿ. ಅಕ್ಷರ ಸಿಗದೆ ವರ್ಕರ್ ಪ್ರತಿ ಸಲವೂ ಅಲ್ಲೇ ಮುಗ್ಗರಿಸುತ್ತದೆ. ಇಂಥ ಸಂದೇಶವನ್ನು ನಾಲ್ಕೈದು ಪ್ರಯತ್ನಗಳ ನಂತರ ಡೆಡ್ ಲೆಟರ್ ಕ್ಯೂ ಎಂಬ ಬೇರೆ ಸಾಲಿಗೆ ಸರಿಸಬೇಕು, ಇಲ್ಲದಿದ್ದರೆ ಅದು ಸುಮ್ಮನೆ ಸುತ್ತುತ್ತಾ ವರ್ಕರ್‌ಗಳ ಹೊತ್ತು ತಿನ್ನುತ್ತದೆ. ಸರಿಸಿ ಮರೆತುಬಿಡುವವರೇ ಹೆಚ್ಚು. ಅಲ್ಲಿರುವುದು ಹಣ ಕಟ್ಟಿ ಟಿಕೆಟ್ ಕೈಗೆ ಬಾರದವರ ಸಾಲು ಎಂದುಕೊಂಡು ದಿನವೂ ಒಬ್ಬರು ಅದನ್ನು ತೆರೆದು ನೋಡಬೇಕು. ಫಾಂಟ್ ಸೇರಿಸಿ, ಸಂದೇಶಗಳನ್ನು ಮೂಲ ಕ್ಯೂಗೆ ಮರಳಿಸಿದರೆ, ನಿಂತಿದ್ದ ಟಿಕೆಟ್‌ಗಳೆಲ್ಲ ಅವರವರ ಹೆಸರಿನಲ್ಲಿ, ಒತ್ತಕ್ಷರ ಸಮೇತ, ಹೊರಡುತ್ತವೆ.