ಕಡಿಮೆ ಬೆಲೆಯ ಜೋಡಿ ನಳಿಗೆ ಕೋವಿ ಹಕ್ಕಿ ಬೇಟೆಗೆ ಆಗುತ್ತಾ?

ಪ್ರಶ್ನೆ: ಲೈಸೆನ್ಸ್ ಇದೆ, ಬೇಟೆಗೆ ಅನುಮತಿ ಇರುವ ಜಾಗವೂ ಇದೆ. ಪೊದೆಯಿಂದ ಸರ್ರನೆ ಎದ್ದು ಹಾರುವ ಫೆಸೆಂಟ್, ಕ್ವೇಲ್‌ನಂಥ ಹಕ್ಕಿಗಳಿಗೆ ಅಗ್ಗದ ಡಬಲ್ ಬ್ಯಾರಲ್ ಕೋವಿ ಸಾಕಾ? ಕೊಳ್ಳುವ ಮೊದಲು ಏನು ನೋಡಬೇಕು?

ಸಾಕು. ಆದರೆ ಎರಡೂ ನಳಿಗೆ ಒಂದೇ ಕಡೆ ಹೊಡೆಯುತ್ತವೆ ಅಂತ ಖಾತ್ರಿ ಆಗಬೇಕು.

ಎರಡು ನಳಿಗೆಗಳನ್ನು ಒಂದೇ ಗುರಿಗೆ ಕೂಡುವ ಹಾಗೆ ಬೆಸೆಯುವುದು ತುಂಬಾ ನಾಜೂಕಿನ ಕೆಲಸ. ಬೆಲೆ ಇಳಿಸಲು ಹೋದಾಗ ಕೈ ಜಾರುವುದೂ ಸಾಮಾನ್ಯವಾಗಿ ಅಲ್ಲೇ. ಹಾಗಾಗಿ ಕೆತ್ತನೆ, ಮರದ ಹೊಳಪು ನೋಡಿ ಮರುಳಾಗಬೇಡಿ. ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವ ಕಡೆ ದೊಡ್ಡ ಕಾಗದ ಕಟ್ಟಿ, ನಡುವೆ ಚುಕ್ಕಿ ಇಟ್ಟು, ಸುಮಾರು 25 ಮೀಟರ್ ದೂರದಿಂದ, ಬೇಟೆಗೆ ಬಳಸುವ ಅದೇ ತೋಟಾ ಹಾಕಿ ಹೊಡೆಯಿರಿ. ಒಂದೊಂದು ನಳಿಗೆಗೂ ಬೇರೆ ಬೇರೆ ಕಾಗದ ಇರಲಿ, ಒಂದೇ ಈಡು ನೋಡಿ ತೀರ್ಮಾನ ಬೇಡ. ಚರೆ ಗುಂಪುಗಳ ನಡುಭಾಗ ಹೆಚ್ಚುಕಡಿಮೆ ಒಂದೇ ಕಡೆ ಬಂದರೆ ಸರಿ. ಪ್ರತಿ ಸಲವೂ ಒಂದು ಗೇಣು ಆಚೀಚೆ ಹೋಗುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಸ್ಟಾಕ್ (ಭುಜಕ್ಕೆ ಒತ್ತುವ ಮರದ ಹಿಂಭಾಗ) ಉದ್ದ ಆಯ್ತು ಅಂದ್ರೆ ಕೊಯ್ಯಿಸಬಹುದು, ಬೆಸೆದ ನಳಿಗೆ ತಿದ್ದಿಸೋದು ಸುಲಭವಲ್ಲ.

ಚೋಕ್ ಅಂದರೆ ನಳಿಗೆ ತುದಿಯ ಬಿಗಿತ. ಸಡಿಲದಿಂದ ಬಿಗಿಗೆ ಇಂಪ್ರೂವ್ಡ್ ಸಿಲಿಂಡರ್, ಮಾಡಿಫೈಡ್, ಫುಲ್ ಅಂತ ಅದರ ಹೆಸರುಗಳು. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಇಂಪ್ರೂವ್ಡ್ ಸಿಲಿಂಡರ್ ಸುಮಾರು ಶೇ. 50ರಷ್ಟು ಚರೆ ಹಾಕುತ್ತದೆ, ಮಾಡಿಫೈಡ್ ಶೇ. 60, ಫುಲ್ ಶೇ. 70. ಹತ್ತಿರದಲ್ಲೇ ಏಳುವ ಹಕ್ಕಿಗೆ ಮೊದಲ ಈಡು ಸಡಿಲ ಚೋಕ್‌ನದು, ಅದು ತಪ್ಪಿ ಹಕ್ಕಿ ದೂರ ಸರಿದಾಗ ಎರಡನೆಯದು ಬಿಗಿ ಚೋಕ್‌ನದು. ಜೋಡಿ ನಳಿಗೆಯ ನಿಜವಾದ ಲಾಭ ಇದೇ ಅಲ್ವಾ! ಎರಡೂ ಫುಲ್ ಇದ್ದರೆ ಹತ್ತಿರದ ಹಕ್ಕಿ ಒಂದೋ ತಪ್ಪುತ್ತೆ, ಇಲ್ಲ ಚಿಂದಿಯಾಗುತ್ತೆ.

ಟ್ರಿಗರ್ ವಿಷಯದಲ್ಲಿ ನನ್ನ ಒಲವು ಎರಡು ಟ್ರಿಗರ್ ಇರುವ ಕೋವಿಗೆ. ಒಂದೇ ಟ್ರಿಗರ್‌ನ ಎಷ್ಟೋ ಕೋವಿಗಳಲ್ಲಿ ಮೊದಲ ಈಡಿನ ಒದೆತದಿಂದಲೇ ಎರಡನೆಯದು ಸಜ್ಜಾಗುತ್ತದೆ. ಹಗುರ ತೋಟಾ ಹಾಕಿದಾಗ ಆ ಒದೆತ ಸಾಲದೆ ಹೋದರೆ ಎರಡನೇ ಸಲ ಎಳೆದರೂ ಸುಮ್ನೆ ಇರುತ್ತದೆ. ಒಂದೇ ಟ್ರಿಗರ್‌ನದನ್ನೇ ಕೊಳ್ಳುವುದಾದರೆ ಅತಿ ಹಗುರ ತೋಟಾದಲ್ಲೂ ಪರೀಕ್ಷಿಸಿ.

ಹೊಡೆದ ಮೇಲೆ ಕೋವಿ ತೆರೆದಾಗ ಖಾಲಿ ತೋಟಾ ತಾನಾಗಿ ಹಾರದೆ ಬರೀ ಮೇಲೆದ್ದು ನಿಂತರೆ ಬೇಜಾರು ಬೇಡ, ಕೈಯಲ್ಲಿ ತೆಗೆದರಾಯ್ತು. ನಳಿಗೆ ಖಾಲಿ ಅಂತ ಖಚಿತ ಮಾಡಿಕೊಂಡು, ನಳಿಗೆ ಕೆಳಗೆ ಮುಂದಿನ ಕೈ ಹಿಡಿಯುವ ಮರದ ಭಾಗ ಬಿಚ್ಚಿ ಕೋವಿ ಅಲುಗಿಸಿ ನೋಡಿ. ಸಂದಿನಲ್ಲಿ ಲಟಲಟ ಅಂದರೆ ಬೇಡ. ತೂಕ 3 ಕಿಲೋ ಆಸುಪಾಸು ಇದ್ದರೆ ದಿನವಿಡೀ ಹೊತ್ತು ನಡೆಯಲು ಹಿತ. ತೀರಾ ಹಗುರವಾದರೆ ಭುಜಕ್ಕೆ ಪೆಟ್ಟು ಜಾಸ್ತಿ.

ಇನ್ನೊಂದು ಮಾತು, 12 ಬೋರ್ ಕೋವಿ ಒಯ್ಯುವಾಗ ಜೇಬಿನಲ್ಲಿ 20 ಬೋರ್ ತೋಟಾ ಒಂದೂ ಇರಬಾರದು (ಬೋರ್ ಅಂದರೆ ನಳಿಗೆ ಅಗಲದ ಅಳತೆ, ಸಂಖ್ಯೆ ದೊಡ್ಡದಾದಷ್ಟು ತೋಟಾ ಸಣ್ಣದು). ಅದು ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಖಾಲಿ ಇದೆ ಅಂತ ಹಿಂದಿನಿಂದ 12ರ ತೋಟಾ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.