ಹೊಸದಾಗಿ ಕಟ್ಟಿದ ಹಳೇ ಎಂಜಿನ್‌ಗೆ ಸಿಂಥೆಟಿಕ್ ಆಯಿಲ್ ಬೇಡ

ಹಳೇ ಕಾರಿನ ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ), ಟ್ಯಾಪೆಟ್ (ಆ ಉಬ್ಬಿನ ತಳ್ಳನ್ನು ವಾಲ್ವ್‌ನತ್ತ ಸಾಗಿಸುವ ಭಾಗ) ಹಾಕಿಸಿದ ಮಾಲೀಕರು ಪದೇ ಪದೇ ಮಾಡುವ ತಪ್ಪು ಒಂದೇ. ಸಿಗುವುದರಲ್ಲೇ ದುಬಾರಿಯಾದ ಫುಲ್ ಸಿಂಥೆಟಿಕ್ ಆಯಿಲ್ ತಂದು ಮೊದಲ ದಿನವೇ ಸುರಿಯುತ್ತಾರೆ. ‘ಇಷ್ಟು ಖರ್ಚಾಗಿದೆ, ಆಯಿಲ್‌ಗೆ ಯಾಕೆ ಹಿಂದೆಮುಂದೆ ನೋಡಬೇಕು’ ಎನ್ನುತ್ತಾರೆ. ಕಾರಿನ ಮೇಲಿನ ಅವರ ಪ್ರೀತಿ ಅರ್ಥವಾಗುತ್ತದೆ. ಆದರೆ ಕೆಡುವುದು ಅಲ್ಲಿಂದಲೇ.

ಈ ಎಂಜಿನ್‌ಗಳ ಟ್ಯಾಪೆಟ್‌ಗೆ ರೋಲರ್ ಇಲ್ಲ. ಕ್ಯಾಮ್‌ನ ಉಬ್ಬು ಟ್ಯಾಪೆಟ್‌ನ ತಳವನ್ನು ಉಜ್ಜುತ್ತಲೇ ಮೇಲೆತ್ತುತ್ತದೆ. ಇಡೀ ಎಂಜಿನ್‌ನಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಜಾಗಗಳಲ್ಲಿ ಇದೂ ಒಂದು. ಅಲ್ಲಿ ಆಯಿಲ್‌ನ ಪದರ ಹರಿದಾಗ ಲೋಹವನ್ನು ಕಾಯುವುದು ಸತು ಮತ್ತು ರಂಜಕದ ಒಂದು ಸಂಯುಕ್ತ. ಜೆಡ್‌ಡಿಡಿಪಿ ಅಥವಾ ಬರೀ ಜಿಂಕ್ ಎನ್ನುತ್ತೇವೆ. ಈ ರಂಜಕ ಹೊಸ ಕಾರುಗಳಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆಂದು ಅದರ ಪ್ರಮಾಣ ಇಳಿಸುತ್ತಾ ಬಂದರು. 2004ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎಂ ದರ್ಜೆಯಿಂದ 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕ ಶೇ 0.08 ದಾಟುವಂತಿಲ್ಲ. ಹೊಸ ಕ್ಯಾಮ್‌ಗೆ ಸಾಮಾನ್ಯವಾಗಿ ಶೇ 0.12ಕ್ಕೂ ಮೇಲಿರುವುದು ಒಳ್ಳೆಯದು. ಡಬ್ಬಿಯ ಮೇಲೆ ಬರೆದದ್ದನ್ನು ನಂಬದೆ, ತಯಾರಕರ ಡೇಟಾ ಶೀಟ್ ನೋಡಿ.

ಇನ್ನು ಪಿಸ್ಟನ್ ರಿಂಗ್‌ಗಳು. ಹೋನಿಂಗ್ ಮಾಡಿದ (ಸಾಣೆಕಲ್ಲಿನಿಂದ ಉಜ್ಜಿದ) ಬೋರ್‌ನ, ಅಂದರೆ ಸಿಲಿಂಡರ್ ಒಳಗೋಡೆಯ, ಸಣ್ಣ ಗೆರೆಗಳ ತುದಿ ರಿಂಗ್‌ಗೆ ಉಜ್ಜಿ ಸವೆದರೆ ಮಾತ್ರ ರಿಂಗ್ ಕೂರುತ್ತದೆ. ಜಾರಿಕೆ ಹೆಚ್ಚಿಸುವ ಫ್ರಿಕ್ಷನ್ ಮಾಡಿಫೈಯರ್ ತುಂಬಿದ ಸಿಂಥೆಟಿಕ್ ಆಯಿಲ್ ಈ ಸವೆತವನ್ನೇ ತಡೆಯುತ್ತದೆ. ಗೋಡೆ ಗಾಜಿನಂತೆ ನುಣುಪಾಗಿ ನಿಂತರೆ ಎಂಜಿನ್ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ನಿಲ್ಲುವುದಿಲ್ಲ, ಮತ್ತೆ ಬಿಚ್ಚಿ ಹೋನ್ ಮಾಡಬೇಕು.

ಹಾಗಾಗಿ ಬೇಕಾದದ್ದು ಬ್ರೇಕ್-ಇನ್‌ಗೆಂದೇ (ಹೊಸ ಭಾಗಗಳು ಉಜ್ಜಿ ಹೊಂದಿಕೊಳ್ಳುವ ಮೊದಲ ಓಟಕ್ಕೆಂದೇ) ತಯಾರಿಸಿದ ಮಿನರಲ್ ಆಯಿಲ್: ಜಿಂಕ್ ಹೆಚ್ಚು, ಡಿಟರ್ಜೆಂಟ್ ಕಡಿಮೆ. ಡಿಟರ್ಜೆಂಟ್ ಕೂಡ ಲೋಹದ ಮೇಲೆ ಜಾಗಕ್ಕಾಗಿ ಜಿಂಕ್ ಜೊತೆ ಪೈಪೋಟಿ ನಡೆಸುತ್ತದೆ. ಡಿಟರ್ಜೆಂಟ್ ಹೆಚ್ಚಿರುವ ಡೀಸೆಲ್ ಎಂಜಿನ್ ಆಯಿಲ್ ಹಾಕುವ ಉಪಾಯವನ್ನು ನಾನು ಒಪ್ಪದಿರುವುದು ಅದಕ್ಕೇ. ದಪ್ಪ ಎಷ್ಟಿರಬೇಕೆಂಬುದಕ್ಕೆ ಎಂಜಿನ್‌ನ ಮ್ಯಾನುಯಲ್ ಮತ್ತು ಬೇರಿಂಗ್ ಕ್ಲಿಯರೆನ್ಸ್ (ಬೇರಿಂಗ್‌ನಲ್ಲಿರುವ ಸಂದಿ) ನೋಡಬೇಕು. ಬಹುಪಾಲು ಎಸ್‌ಎಇ 30 ಅಥವಾ 10ಡಬ್ಲ್ಯೂ-30 ಸಾಕು. ಬ್ರೇಕ್-ಇನ್ ಆಯಿಲ್‌ಗೆ ಮತ್ತೆ ಜಿಂಕ್ ಸೀಸೆ ಬೆರೆಸಬೇಡಿ, ಅತಿಯಾದರೆ ಅದೇ ಲೋಹವನ್ನು ತಿನ್ನಬಹುದು. ಕ್ಯಾಮ್ ಉಬ್ಬಿಗೂ ಟ್ಯಾಪೆಟ್ ತಳಕ್ಕೂ ಮಾಲಿ (ಮಾಲಿಬ್ಡಿನಂ) ಪೇಸ್ಟ್ ಸವರಿ, ರಿಂಗ್ ಮತ್ತು ಬೋರ್‌ಗೆ ಮಾತ್ರ ಅದು ತಾಗಬಾರದು.

ಆಯಿಲ್ ಸರಿಯಿದ್ದೂ ಕ್ಯಾಮ್ ಕೆಡುವುದು ಮೊದಲ ಸ್ಟಾರ್ಟ್‌ನಲ್ಲಿ. ಆಯಿಲ್ ಪಂಪನ್ನು ಡ್ರಿಲ್‌ನಿಂದ ತಿರುಗಿಸುವ ವ್ಯವಸ್ಥೆಯಿದ್ದರೆ ರಾಕರ್‌ಗಳ (ವಾಲ್ವ್ ಒತ್ತುವ ಸನ್ನೆಗಳ) ಮೇಲೆ ಆಯಿಲ್ ಬರುವವರೆಗೆ ತಿರುಗಿಸಿ. ಇಗ್ನಿಷನ್ ಟೈಮಿಂಗ್ ಮೊದಲೇ ಇಟ್ಟು, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ತುಂಬಿಸಿ. ಮೇಲಿಂದ ಮೇಲೆ ಸೆಲ್ಫ್ ಹೊಡೆದರೆ ಪೇಸ್ಟ್ ಒರೆಸಿಹೋಗುತ್ತದೆ. ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂಗೆ ಏರಿಸಿ, ಹೆಚ್ಚುಕಡಿಮೆ ಮಾಡುತ್ತಾ 20–30 ನಿಮಿಷ ಓಡಿಸಿ. ಹೊಸ ಎಂಜಿನ್ ಅಲ್ಲವೇ, ಮೆಲ್ಲಗೆ ಐಡಲ್‌ನಲ್ಲಿ ಬಿಡೋಣ ಎಂಬ ಕರುಣೆ ಇಲ್ಲಿ ದಯವಿಟ್ಟು ಬೇಡ. ಕ್ಯಾಮ್‌ಗೆ ಆಯಿಲ್ ಸಿಗುವುದು ಬಹುಮಟ್ಟಿಗೆ ಕ್ರ್ಯಾಂಕ್ ಎರಚಿದಾಗ. ಐಡಲ್‌ನಲ್ಲಿ ಆ ಎರಚಾಟ ಕಡಿಮೆ, ವಾಲ್ವ್ ಸ್ಪ್ರಿಂಗ್‌ನ ಭಾರ ಮಾತ್ರ ಪೂರ್ತಿ. ಜೋಡಿ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ತಾತ್ಕಾಲಿಕವಾಗಿ ತೆಗೆದಿಡಿ. ಸ್ಟಾರ್ಟ್ ಮಾಡುವ ಮುನ್ನವೇ ಪುಶ್‌ರಾಡ್‌ಗಳ (ಟ್ಯಾಪೆಟ್‌ನಿಂದ ರಾಕರನ್ನು ತಳ್ಳುವ ಕಡ್ಡಿಗಳ) ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ಎಂಜಿನನ್ನು ಕೈಯಿಂದ ತಿರುಗಿಸಿದರೆ ಅವು ನಿಧಾನ ಸುತ್ತುತ್ತಿರುವುದು ಕಾಣಬೇಕು. ಒಂದು ಸುತ್ತದಿದ್ದರೆ ಅದರ ಟ್ಯಾಪೆಟ್ ಸಿಕ್ಕಿಕೊಂಡಿದೆ, ಆ ಉಬ್ಬು ಉಳಿಯುವುದು ಕಷ್ಟ.

ಬಿಸಿಯಿರುವಾಗಲೇ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಿ, ಅದೇ ಬ್ರೇಕ್-ಇನ್ ಆಯಿಲ್ ಮತ್ತೆ ತುಂಬಿ. ರಸ್ತೆಯಲ್ಲಿ 50ರಿಂದ 80 ಕಿ.ಮೀ. ವೇಗಕ್ಕೆ ಜೋರಾಗಿ ಏರಿಸಿ, ಗೇರ್‌ನಲ್ಲೇ ಇಳಿಯಲು ಬಿಡಿ. ಹತ್ತು ಬಾರಿಯಾದರೂ ಮಾಡಿ. ರಿಂಗ್ ಕೂರಲು ಲೋಡ್ ಬೇಕು. 800 ಕಿ.ಮೀ. ಆದಮೇಲೆ ಸಾಕಷ್ಟು ಜಿಂಕ್ ಇರುವ ಮಿನರಲ್ ಆಯಿಲ್‌ಗೆ ಬದಲಾಯಿಸಿ. ಸಿಂಥೆಟಿಕ್ ಬೇಕೇ ಬೇಕೆನ್ನುವವರು ಎಂಜಿನ್ ಆಯಿಲ್ ಕುಡಿಯುವುದು ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ ಕಾಯಲಿ.

ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಕಾಗದ ಬಿಡಿಸಿ ನೋಡಿ. ಬೂದು ಪುಡಿ ಸ್ವಲ್ಪ ಇದ್ದೇ ಇರುತ್ತದೆ. ಅಯಸ್ಕಾಂತಕ್ಕೆ ಅಂಟುವ ಚೂರುಗಳಿದ್ದರೆ ಮುಂದೆ ಓಡಿಸದೆ, ಡಯಲ್ ಗೇಜ್ ಇಟ್ಟು ಪ್ರತಿ ವಾಲ್ವ್‌ನ ಲಿಫ್ಟ್ (ತೆರೆದುಕೊಳ್ಳುವ ಎತ್ತರ) ಅಳೆಯಿರಿ.